ಕಂಪವಾತದ ಗುಳಿಗೆ: ಯಾವ ನಂಬರು, ಯಾವ ಹೊತ್ತು, ಯಾವುದರ ಜೊತೆ ಬೇಡ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪತ್ರಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯ, ಅಂದರೆ ಕಂಪವಾತದ ಔಷಧಗಳ ಬಗ್ಗೆ ಕೇಳಿದವರೇ ಹೆಚ್ಚು. ‘ಗುಳಿಗಿ ಕೆಲಸಾ ಮಾಡವಲ್ದು, ಡೋಸ್ ಹೆಚ್ಚು ಮಾಡಬೇಕೇನ್ರಿ’ ಎಂಬುದು ಬಹುತೇಕರ ಪ್ರಶ್ನೆ. ವಿವರ ಓದಿದರೆ ಕೊರತೆ ಡೋಸಿನದಲ್ಲ. ಒಬ್ಬರ ಮನೆಯಲ್ಲಿ ಗುಳಿಗೆಯ ನಂಬರು ತಪ್ಪಿದೆ, ಇನ್ನೊಬ್ಬರಲ್ಲಿ ಹೊತ್ತು ತಪ್ಪಿದೆ, ಮತ್ತೊಬ್ಬರಲ್ಲಿ ಬೇರೊಂದು ಔಷಧ ಅಡ್ಡ ಬಂದಿದೆ. ನರರೋಗ ವೈದ್ಯರು ಮತ್ತು ಔಷಧ ತಜ್ಞರ ಉತ್ತರಗಳು ಇಲ್ಲಿವೆ. ಡೋಸ್ ಬದಲಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ನಮ್ಮ ಅಪ್ಪಾರಿಗೆ 66 ವರ್ಷ. ಡಾಕ್ಟರು ಸಿಂಡೋಪಾ ಪ್ಲಸ್ ದಿನಕ್ಕ ಮೂರು ಬರದಿದ್ರು. ಮೆಡಿಕಲ್‌ನಾಗ ಸಿಂಡೋಪಾ 110 ಕೊಟ್ಟು ‘ಎರಡೂ ಒಂದ’ ಅಂದ್ರು. ಅವತ್ತಿಂದ ಹೊಟ್ಟಿ ತೊಳಸಾಕತ್ತೇತಿ, ವಾಂತಿ ಆಗೇತಿ. ವಾಂತಿಗೆ ಪೆರಿನಾರ್ಮ್ ಕೊಟ್ಟಾರ. ಈಗ ಮೈ ಮತ್ತಷ್ಟು ಬಿಗಿ ಆಗೇತಿ. — ಜಮಖಂಡಿ

ಎರಡೂ ಒಂದಲ್ಲ. ಈ ಗುಳಿಗೆಯಲ್ಲಿ ಎರಡು ಔಷಧ ಸೇರಿರುತ್ತವೆ, ಹೆಸರಿನ ಮುಂದಿನ ನಂಬರು ಅವೆರಡರ ಮೊತ್ತ. 110ರಲ್ಲಿ ಲೆವೊಡೋಪಾ 100 ಮಿ.ಗ್ರಾಂ, ಕಾರ್ಬಿಡೋಪಾ 10 ಮಿ.ಗ್ರಾಂ. ಪ್ಲಸ್‌ನಲ್ಲಿ 100 ಮತ್ತು 25, ಅದಕ್ಕೇ ಅದನ್ನು 125 ಅನ್ನುತ್ತಾರೆ. 275ರಲ್ಲಿ 250 ಮತ್ತು 25. ಟಿಡೊಮೆಟ್ ಎಂಬ ಹೆಸರಿನಲ್ಲಿ ಕೊಳ್ಳುವವರಿಗೆ ಎಲ್‌ಎಸ್, ಪ್ಲಸ್, ಫೋರ್ಟ್ ಎಂದು ಇದೇ ಕ್ರಮ.

ಕಂಪವಾತದಲ್ಲಿ ಮಿದುಳಿನೊಳಗೆ ಕೊರತೆಯಾಗುವುದು ಡೋಪಮಿನ್ ಎಂಬ ರಾಸಾಯನಿಕ. ಅದನ್ನು ತುಂಬಲು ಮಿದುಳಿಗೆ ಬೇಕಾದದ್ದು ಲೆವೊಡೋಪಾ. ಕಾರ್ಬಿಡೋಪಾ ಅದರ ಕಾವಲಿಗೆ. ಲೆವೊಡೋಪಾ ಕರುಳು, ರಕ್ತದಲ್ಲಿರುವಾಗಲೇ ಒಂದು ಕಿಣ್ವ ಅದನ್ನು ಡೋಪಮಿನ್ ಆಗಿ ಮಾರ್ಪಡಿಸಿಬಿಡುತ್ತದೆ. ಹಾಗೆ ಹೊರಗೆ ತಯಾರಾದ ಡೋಪಮಿನ್ ಮಿದುಳಿನೊಳಗೆ ಹೋಗಲಾರದು, ಆದರೆ ವಾಂತಿಯ ಕೇಂದ್ರವನ್ನು ಕೆರಳಿಸಬಲ್ಲದು, ಏಕೆಂದರೆ ಆ ಕೇಂದ್ರ ಇರುವ ಜಾಗಕ್ಕೆ ಮಿದುಳಿನ ರಕ್ತ-ತಡೆ ಇಲ್ಲ. ಕಾರ್ಬಿಡೋಪಾ ಆ ಕಿಣ್ವವನ್ನು ಮಿದುಳಿನ ಹೊರಗೆ ಮಾತ್ರ ತಡೆಯುತ್ತದೆ. ಅದು ಇದ್ದರೆ ಬೇಕಾಗುವ ಲೆವೊಡೋಪಾ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಕಿಣ್ವವನ್ನು ಪೂರಾ ತಡೆಯಲು ದಿನಕ್ಕೆ 70ರಿಂದ 100 ಮಿ.ಗ್ರಾಂ ಕಾರ್ಬಿಡೋಪಾ ಬೇಕು. 125ರ ಮೂರು ಗುಳಿಗೆಯಲ್ಲಿ 75 ಆಗುತ್ತದೆ, 110ರ ಮೂರರಲ್ಲಿ ಬರೀ 30. ನಿಮ್ಮ ತಂದೆಯವರ ಹೊಟ್ಟೆ ತೊಳಸುವುದಕ್ಕೆ ಈ ಲೆಕ್ಕವೇ ಸಾಕು.

ಇನ್ನು ಪೆರಿನಾರ್ಮ್. ಅದರಲ್ಲಿರುವುದು ಮೆಟೊಕ್ಲೊಪ್ರಮೈಡ್. ಅದು ಮಿದುಳಿನೊಳಗೆ ಹೋಗಿ, ಡೋಪಮಿನ್ ಕೂರಬೇಕಾದ ಗ್ರಾಹಿಗಳನ್ನೇ ಮುಚ್ಚುತ್ತದೆ. ಕಂಪವಾತ ಇಲ್ಲದವರಲ್ಲೂ ಕಂಪವಾತದ ಲಕ್ಷಣ ತರಬಲ್ಲ ಔಷಧ ಅದು. ಮೈ ಬಿಗಿಯಾದದ್ದು ಅದರಿಂದಲೇ ಇರಬಹುದು, ಇಂದೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಸ್ಟೆಮೆಟಿಲ್ ಕೂಡ ಬೇಡ. ಗ್ಯಾಸಿನ ಗುಳಿಗೆಯ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲುಗಳು ನಮ್ಮ ಕಡೆ ಧಾರಾಳವಾಗಿ ಮಾರಾಟವಾಗುತ್ತವೆ, ಅವೂ ಇದೇ ಜಾತಿ. ವಾಂತಿಗೆ ಔಷಧ ಬೇಕೇ ಆದರೆ ಡೊಂಪೆರಿಡೋನ್ 10 ಮಿ.ಗ್ರಾಂ ಅನ್ನು ಲೆವೊಡೋಪಾಕ್ಕಿಂತ ಅರ್ಧ ತಾಸು ಮುಂಚೆ, ಕೆಲವು ದಿನಗಳ ಮಟ್ಟಿಗೆ ಕೊಡುವುದುಂಟು. ಅದು ಮಿದುಳಿನೊಳಗೆ ಅಷ್ಟಾಗಿ ಹೋಗದು. ಹೃದಯದ ತೊಂದರೆ ಇದ್ದವರಿಗೆ ಮೊದಲು ಇಸಿಜಿ ತೆಗೆಸಬೇಕು.

125 ಸಿಕ್ಕ ಮೇಲೆ ವೈದ್ಯರು ಅರ್ಧ ಗುಳಿಗೆಯಿಂದ ಆರಂಭಿಸಿ ವಾರಕ್ಕೊಮ್ಮೆ ಏರಿಸಲು ಹೇಳಬಹುದು. ಮೊದಲ ಎರಡು-ಮೂರು ವಾರ ಒಂದು ಹಿಡಿ ಚುರಮುರಿ ಅಥವಾ ಎರಡು ಬಿಸ್ಕಿಟ್ ಜೊತೆ ತೆಗೆದುಕೊಂಡರೂ ಅಡ್ಡಿಯಿಲ್ಲ. ಹಾಲಿನ ಜೊತೆ ಮಾತ್ರ ಬೇಡ.

110ರ ಬದಲು 125 ಬಂದರೆ ಅಪಾಯವಿಲ್ಲ. 125ರ ಬದಲು 275 ಬಂದರೆ ಲೆವೊಡೋಪಾ ಎರಡೂವರೆ ಪಟ್ಟಾಗಿ ಭ್ರಮೆ, ತಲೆಸುತ್ತು, ಮೈ ಹೊಯ್ದಾಟ ಶುರುವಾಗುತ್ತವೆ. ಹಳೆಯ ಸ್ಟ್ರಿಪ್ಪನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ಹೊಸದರ ಪಕ್ಕದಲ್ಲಿ ಹಿಡಿದು ಎರಡೂ ಅಂಕಿ ಓದಿ.

ಮುಂಜಾನೆಯ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಧ್ಯಾಹ್ನ ಒಂದೂವರೆಗೆ ಊಟ ಮಾಡಿ ಎರಡಕ್ಕೆ ತೆಗೆದುಕೊಂಡ ಗುಳಿಗೆ ಮಾತ್ರ ಏನೂ ಪ್ರಯೋಜನವಿಲ್ಲ. ಒಂಬತ್ತು ವರ್ಷದಿಂದ ಕಾಯಿಲೆ ಇದೆ. — ಅಥಣಿ

ಊಟದಲ್ಲಿ ಏನೇನು ಇರುತ್ತದೆ ಎಂದು ನೀವು ಬರೆದಿಲ್ಲ. ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇರಬಹುದು ಎಂದುಕೊಳ್ಳೋಣ. ಒಳ್ಳೆಯ ಊಟವೇ, ಲೆವೊಡೋಪಾಕ್ಕೆ ಮಾತ್ರ ಕಷ್ಟದ್ದು.

ಲೆವೊಡೋಪಾ ಸ್ವತಃ ಒಂದು ಅಮೈನೋ ಆಮ್ಲ. ಸಣ್ಣ ಕರುಳನ್ನು ದಾಟಲು ಮತ್ತು ಆಮೇಲೆ ಮಿದುಳಿನ ತಡೆಯನ್ನು ದಾಟಲು ಅದಕ್ಕೆ ಒಂದು ಸಾಗಣೆ ವ್ಯವಸ್ಥೆ ಬೇಕು. ಕಾಳು, ಹಾಲು, ಮೊಟ್ಟೆ, ಮಾಂಸದ ಪ್ರೋಟೀನ್ ಒಡೆದು ಬರುವ ಅಮೈನೋ ಆಮ್ಲಗಳೂ ಅದೇ ದಾರಿಯವು. ಬನಶಂಕರಿ ಜಾತ್ರೆಯ ದಿನ ಬಾದಾಮಿಯ ಬಸ್ಸಿನ ಬಾಗಿಲಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಗುಂಪು ದೊಡ್ಡದು, ಒಂಟಿಯಾಗಿ ಬಂದವರು ಕೆಳಗೇ ಉಳಿಯುತ್ತಾರೆ. ಎರಡನೆಯ ತೊಡಕು ಎಣ್ಣೆ-ಜಿಡ್ಡು. ಅದು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ. ಲೆವೊಡೋಪಾ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ, ಹೊಟ್ಟೆಯಲ್ಲೇ ಕುಳಿತ ಗುಳಿಗೆಯಿಂದ ಉಪಯೋಗವಿಲ್ಲ. ಶೇಂಗಾದಲ್ಲಿ ಎರಡೂ ಇವೆ: 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್, ಅದರ ಸುಮಾರು ಎರಡು ಪಟ್ಟು ಜಿಡ್ಡು. ಕಾಳು-ಬೇಳೆಗಳಲ್ಲೂ ಪ್ರೋಟೀನ್ 22ರಿಂದ 24 ಗ್ರಾಂ. ಜೋಳದಲ್ಲಿ ಸುಮಾರು 10 ಮಾತ್ರ. ರೊಟ್ಟಿಯನ್ನು ಯಾರೂ ದೂರಬೇಕಿಲ್ಲ.

ಮಾಡಬೇಕಾದದ್ದು: ಎರಡು ಗಂಟೆಯ ಗುಳಿಗೆಯನ್ನು ಮುಕ್ಕಾಲು ತಾಸು ಊಟದ ಮುಂಚೆ, ಅಂದರೆ 12.45ಕ್ಕೆ ತನ್ನಿ. ಸೆಟೆದು ಕುಳಿತು ಒಂದು ತುಂಬು ಲೋಟ ನೀರಿನ ಜೊತೆ ನುಂಗಬೇಕು. ಒಂದು ಗುಟುಕು ನೀರಿನಲ್ಲಿ ನುಂಗಿದ್ದು ಅನ್ನನಾಳದಲ್ಲೋ ಹೊಟ್ಟೆಯಲ್ಲೋ ನಿಂತುಬಿಡುತ್ತದೆ. ಊಟದ ಮೇಲೆಯೇ ತೆಗೆದುಕೊಳ್ಳಬೇಕಾದರೆ ಕನಿಷ್ಠ ಒಂದರಿಂದ ಒಂದೂವರೆ ತಾಸು ಬಿಡಿ. ಕಬ್ಬಿಣಾಂಶದ ಗುಳಿಗೆ ಅಥವಾ ಟಾನಿಕ್ ಇದ್ದರೆ ಎರಡು ತಾಸಿನ ಅಂತರ ಇರಲಿ, ಕಬ್ಬಿಣ ಹೊಟ್ಟೆಯಲ್ಲೇ ಲೆವೊಡೋಪಾವನ್ನು ಕಟ್ಟಿಹಾಕುತ್ತದೆ. ಮಲಬದ್ಧತೆಗೂ ಚಿಕಿತ್ಸೆ ಬೇಕು. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಕರುಳು ನಿಧಾನವಾದರೆ ಗುಳಿಗೆಯೂ ನಿಧಾನ.

ಒಂದು ವಾರ ಇಷ್ಟು ಮಾಡಿಯೂ ಮಧ್ಯಾಹ್ನ ಸುಧಾರಿಸದಿದ್ದರೆ ಕಾಳು, ಮೊಸರು, ಮೊಟ್ಟೆಯನ್ನು ರಾತ್ರಿ ಊಟಕ್ಕೆ ಸರಿಸಿ, ಹಗಲು ರೊಟ್ಟಿ, ಅನ್ನ, ಕಾಯಿಪಲ್ಯ, ಹಣ್ಣು ಇಟ್ಟುಕೊಳ್ಳಿ. ಪ್ರೋಟೀನನ್ನು ಬಿಟ್ಟೇಬಿಡಬೇಡಿ. 55 ಕಿಲೋ ತೂಕದವರಿಗೆ ದಿನಕ್ಕೆ 45ರಿಂದ 55 ಗ್ರಾಂ ಬೇಕೇ ಬೇಕು, ಇಲ್ಲದಿದ್ದರೆ ಸ್ನಾಯು ಕರಗಿ ಬೀಳುವುದು ಹೆಚ್ಚುತ್ತದೆ. ಕಾಯಿಲೆ ಶುರುವಾಗಿ ಒಂದೆರಡು ವರ್ಷ ಆದವರಿಗೆ ಈ ಪ್ರೋಟೀನ್ ಲೆಕ್ಕ ಅಷ್ಟು ಮುಖ್ಯವಲ್ಲ.

ಡೋಪಮಿನ್ ಕಡಿಮೆ ಅಂದಮ್ಯಾಲ ಡೋಪಮಿನ್ನ ಕೊಡಬಾರದ್ಯಾಕ? ಇಷ್ಟೊಂದು ನಮೂನಿ ಗುಳಿಗಿ ಯಾಕ ಬೇಕು? — ನರ್ಸಿಂಗ್ ವಿದ್ಯಾರ್ಥಿನಿ, ವಿಜಯಪುರ

ಮಿದುಳಿನ ಬುಡದಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಭಾಗದ ಕೋಶಗಳು ಡೋಪಮಿನ್ ತಯಾರಿಸುತ್ತವೆ. ಅವು ಅರ್ಧಕ್ಕಿಂತ ಹೆಚ್ಚು ನಾಶವಾಗುವ ಹೊತ್ತಿಗೆ ನಡುಕ, ಬಿಗಿತ, ನಿಧಾನ ಕಾಣಿಸಿಕೊಳ್ಳುತ್ತವೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಕಾಯಿಲೆಯನ್ನು ವರ್ಣಿಸಿದ್ದು 1817ರಲ್ಲಿ. ಕೊರತೆ ಡೋಪಮಿನ್‌ನದು ಎಂದು ಗೊತ್ತಾಗಲು 1960 ಬರಬೇಕಾಯಿತು. ಡೋಪಮಿನ್ ರಕ್ತದಿಂದ ಮಿದುಳಿಗೆ ದಾಟದು. ಅದರ ಹಿಂದಿನ ಹಂತದ ವಸ್ತುವಾದ ಲೆವೊಡೋಪಾ ದಾಟುತ್ತದೆ, ಒಳಗೆ ಹೋದ ಮೇಲೆ ಡೋಪಮಿನ್ ಆಗುತ್ತದೆ. ಅದನ್ನು ಬಾಯಿಯ ಮೂಲಕ ದೊಡ್ಡ ಪ್ರಮಾಣದಲ್ಲಿ, ನಿಧಾನವಾಗಿ ಏರಿಸುತ್ತ ಕೊಟ್ಟರೆ ಜನ ಎದ್ದು ನಡೆಯುತ್ತಾರೆ ಎಂದು 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಾಸ್ ತೋರಿಸಿದರು.

ಉಳಿದ ಗುಳಿಗೆಗಳಲ್ಲಿ ಪ್ರಮಿಪೆಕ್ಸೋಲ್, ರೋಪಿನಿರೋಲ್ ಡೋಪಮಿನ್ ಆಗುವುದಿಲ್ಲ, ಅದರ ಗ್ರಾಹಿಗಳ ಮೇಲೆ ತಾವೇ ಕುಳಿತು ಅದರಂತೆ ನಟಿಸುತ್ತವೆ. ಸೆಲೆಜಿಲಿನ್, ರಸಾಜಿಲಿನ್, ಸಫಿನಮೈಡ್ ಮಿದುಳಿನೊಳಗೆ ಡೋಪಮಿನ್ ಒಡೆಯುವ ಎಂಎಒ-ಬಿ ಕಿಣ್ವವನ್ನು ತಡೆಯುತ್ತವೆ. ಎಂಟಕಪೋನ್ ಹೊರಗೆ ಲೆವೊಡೋಪಾವನ್ನು ಹಾಳುಮಾಡುವ ಕಾಮ್ಟ್ ಎಂಬ ಇನ್ನೊಂದು ಕಿಣ್ವಕ್ಕೆ ತಡೆ. ಲೆವೊಡೋಪಾ ಇಲ್ಲದೆ ಎಂಟಕಪೋನ್ ಒಂದನ್ನೇ ಕೊಟ್ಟರೆ ಏನೂ ಆಗದು, ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಇದು. ಅಮಾಂಟಡಿನ್ ಮೂಲತಃ ಫ್ಲೂ ಔಷಧ. ಫ್ಲೂ ತಡೆಯಲೆಂದು ತೆಗೆದುಕೊಂಡ ಒಬ್ಬ ಕಂಪವಾತ ರೋಗಿಗೆ ಮೈ ಹಗುರಾದದ್ದರಿಂದ ಅದರ ಈ ಗುಣ ಬೆಳಕಿಗೆ ಬಂತು. ಅದು ಗ್ಲುಟಮೇಟ್ ಎಂಬ ಇನ್ನೊಂದು ಮಿದುಳಿನ ರಾಸಾಯನಿಕದ ಅಬ್ಬರ ತಗ್ಗಿಸುತ್ತದೆ. ಟ್ರೈಹೆಕ್ಸಿಫೆನಿಡಿಲ್ ಅಸಿಟೈಲ್‌ಕೋಲಿನ್ ಎಂಬ ಮತ್ತೊಂದು ರಾಸಾಯನಿಕಕ್ಕೆ ತಡೆ. ಸಾಯುತ್ತಿರುವ ಕೋಶಗಳನ್ನು ಉಳಿಸುತ್ತದೆ ಎಂದು ಸಾಬೀತಾದ ಗುಳಿಗೆ ಇವುಗಳಲ್ಲಿ ಒಂದೂ ಇಲ್ಲ.

ಲೆವೊಡೋಪಾ ನಾಲ್ಕೈದು ವರ್ಷ ಮಾತ್ರ ಕೆಲಸ ಮಾಡುತ್ತದಂತೆ, ಮುಂದಕ್ಕೆ ಉಳಿಸಿಕೊಳ್ಳಿ ಅನ್ನುತ್ತಾರೆ. ನಿಜವೇ? — ಬೈಲಹೊಂಗಲ

ನಿಜವಲ್ಲ. ನೆದರ್ಲೆಂಡ್ಸಿನ ಲೀಪ್ ಅಧ್ಯಯನದಲ್ಲಿ 445 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮೊದಲಿನಿಂದಲೇ, ಉಳಿದವರಿಗೆ 40 ವಾರ ತಡವಾಗಿ ಲೆವೊಡೋಪಾ ಕೊಟ್ಟರು. 80 ವಾರಗಳ ಕೊನೆಗೆ ಎರಡೂ ಗುಂಪು ಒಂದೇ ಸ್ಥಿತಿಯಲ್ಲಿದ್ದವು. ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ತಡಮಾಡಿದರೆ ಲಾಭವಿಲ್ಲ, ಆ ತಿಂಗಳುಗಳಲ್ಲಿ ಅಂಗಿಯ ಗುಂಡಿ ಹಾಕಲಾಗದೆ ಕಷ್ಟಪಟ್ಟದ್ದಷ್ಟೇ ಉಳಿಯುತ್ತದೆ. ವರ್ಷಗಳ ಮೇಲೆ ಕಾಣುವ ಏರಿಳಿತ ಬೇರೆ ವಿಷಯ, ಅದು ಮುಂದಿನ ಪತ್ರದಲ್ಲಿದೆ.

ಆರು ವರ್ಷ ಆತು. ಮೊದಲು ಒಂದ ಗುಳಿಗಿ ಅರ್ಧಾ ದಿನ ಬರತಿತ್ತು, ಈಗ ಮೂರು ತಾಸಿಗೆ ಕಾಲು ನೆಲಕ್ಕ ಅಂಟತಾವ. ಗುಳಿಗಿ ಏರಿದಾಗ ಕುತಿಗಿ, ಭುಜಾ ತಾವ ಅಲುಗತಾವ. — ಗೋಕಾಕ

ರಕ್ತದಲ್ಲಿ ಲೆವೊಡೋಪಾ ಒಂದೂವರೆ ತಾಸಿನಲ್ಲಿ ಅರ್ಧಕ್ಕಿಳಿಯುತ್ತದೆ. ಮೊದಲ ವರ್ಷಗಳಲ್ಲಿ ಉಳಿದ ಕೋಶಗಳು ಡೋಪಮಿನ್ ಸಂಗ್ರಹಿಸಿಟ್ಟು ಹೊತ್ತುಹೊತ್ತಿಗೆ ಬಿಡುತ್ತವೆ, ಹಾಗಾಗಿ ಗುಳಿಗೆ ಬಹಳ ಹೊತ್ತು ಬಂದಂತೆ ಅನಿಸುತ್ತದೆ. ಆ ಕೋಶಗಳು ಕಡಿಮೆಯಾದಂತೆ ಸಂಗ್ರಹವೂ ಇಲ್ಲ. ರಕ್ತದ ಮಟ್ಟ ಏರಿದರೆ ಮೈ ಹೊಯ್ದಾಟ, ಇಳಿದರೆ ಬಿಗಿತ. ನಾಲ್ಕರಿಂದ ಆರು ವರ್ಷ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಇದು ಬರುತ್ತದೆ.

ವೈದ್ಯರ ಹತ್ತಿರ ಹೋಗುವ ಮುಂಚೆ ಮೂರು ದಿನದ ಪಟ್ಟಿ ಬರೆಯಿರಿ. ನೋಟುಬುಕ್ಕಿನಲ್ಲಿ ಅರ್ಧರ್ಧ ತಾಸಿನ ಸಾಲು, ಪ್ರತಿ ಸಾಲಿನಲ್ಲಿ ‘ಸಲೀಸು’, ‘ಬಿಗಿ’, ‘ಹೊಯ್ದಾಟ’, ‘ನಿದ್ದೆ’ ಇವುಗಳಲ್ಲಿ ಒಂದು. ಗುಳಿಗೆ ಮತ್ತು ಊಟದ ಹೊತ್ತಿಗೆ ಬೇರೆ ಗುರುತು. ಹೊಯ್ದಾಟದ ಒಂದು ನಿಮಿಷದ ವಿಡಿಯೋ ಮೊಬೈಲಿನಲ್ಲಿ ಇರಲಿ. ದವಾಖಾನೆಗೆ ಹೋದಾಗಲೇ ಅದು ಕಾಣಿಸಿಕೊಳ್ಳಬೇಕೆಂದೇನೂ ಇಲ್ಲವಲ್ಲ! ಇಷ್ಟಿದ್ದರೆ ಹತ್ತು ನಿಮಿಷದ ಭೇಟಿಯೂ ಫಲ ಕೊಡುತ್ತದೆ.

ಮೊದಲು ನೋಡುವುದು ಹಂಚಿಕೆಯನ್ನು. ಒಂದೂವರೆ ಗುಳಿಗೆ ಮೂರು ಹೊತ್ತು ತೆಗೆದುಕೊಳ್ಳುತ್ತಿದ್ದರೆ, ಅದೇ ನಾಲ್ಕೂವರೆ ಗುಳಿಗೆಯನ್ನು ಒಂದೊಂದರಂತೆ ನಾಲ್ಕು ಹೊತ್ತು, ಕೊನೆಗೆ ಅರ್ಧ ಎಂದು ಐದು ಹೊತ್ತಿಗೆ ಒಡೆಯಬಹುದು. ದಿನದ ಮೊತ್ತ ಅಷ್ಟೇ, ಶಿಖರ ತಗ್ಗುತ್ತದೆ, ಕಣಿವೆ ತುಂಬುತ್ತದೆ. ಸಾಲದಿದ್ದರೆ ಪ್ರತಿ ಲೆವೊಡೋಪಾ ಜೊತೆ ಎಂಟಕಪೋನ್ 200 ಮಿ.ಗ್ರಾಂ, ಅಥವಾ ದಿನಕ್ಕೊಮ್ಮೆ ರಸಾಜಿಲಿನ್ 1 ಮಿ.ಗ್ರಾಂ. ಎಂಟಕಪೋನ್ ಸೇರಿಸಿದಾಗ ಹೊಯ್ದಾಟ ಹೆಚ್ಚಿದರೆ ಇಳಿಸಬೇಕಾದದ್ದು ಲೆವೊಡೋಪಾವನ್ನು. ಎಂಟಕಪೋನ್‌ನಿಂದ ಮೂತ್ರ ಕೇಸರಿ-ಕಂದು ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ನೀರಿನಂಥ ಭೇದಿ ಶುರುವಾದರೆ ಮಾತ್ರ ತಿಳಿಸಿ. ಹೊಯ್ದಾಟಕ್ಕೆಂದೇ ಇರುವುದು ಅಮಾಂಟಡಿನ್ 100 ಮಿ.ಗ್ರಾಂ, ಮುಂಜಾನೆ ಒಂದು, ಮಧ್ಯಾಹ್ನ ಒಂದು. ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ. ಕಾಲಿನ ಚರ್ಮದ ಮೇಲೆ ನೇರಳೆ ಬಲೆಯಂಥ ಗುರುತು, ಪಾದದ ಬಾವು ಅದರ ಅಡ್ಡಪರಿಣಾಮ. ಮೂತ್ರಪಿಂಡ ದುರ್ಬಲವಿದ್ದವರಿಗೆ ಡೋಸ್ ಇಳಿಸಲೇಬೇಕು.

ನಿಧಾನವಾಗಿ ಬಿಡುಗಡೆಯಾಗುವ ಸಿಆರ್ ಗುಳಿಗೆ ಇದಕ್ಕೆ ಪರಿಹಾರ ಎಂದು ಅನೇಕರು ತಿಳಿದಿದ್ದಾರೆ. ಹಗಲಿಗೆ ಅದು ಅಷ್ಟು ನಂಬಿಗಸ್ತನಲ್ಲ: ಸಾದಾ ಗುಳಿಗೆಯ ಸುಮಾರು 70 ಪ್ರತಿಶತ ಮಾತ್ರ ಮೈಗೆ ಸೇರುತ್ತದೆ, ಯಾವಾಗ ಏರುತ್ತದೆಂದು ಹೇಳುವುದೂ ಕಷ್ಟ. ರಾತ್ರಿ ಮಗ್ಗುಲು ಬದಲಿಸಲಾಗದವರಿಗೆ ಮಲಗುವಾಗ ಒಂದು ಕೊಡಲು ಒಳ್ಳೆಯದು. ಜಗಿಯಬಾರದು, ಕುಟ್ಟಬಾರದು.

ಮಾವನವರು ಪ್ರಮಿಪೆಕ್ಸೋಲ್ ಶುರುಮಾಡಿದ ಮೇಲೆ ರಾತ್ರಿಯಿಡೀ ಮೊಬೈಲಿನಲ್ಲಿ ರಮ್ಮಿ ಆಡುತ್ತಾರೆ. ಮಗ್ಗದ ದುಡ್ಡೂ ಹೋಗಿದೆ. ಎಂದೂ ಇಸ್ಪೀಟು ಮುಟ್ಟಿದವರಲ್ಲ. ಕೇಳಿದರೆ ಸಿಟ್ಟಾಗುತ್ತಾರೆ. — ಇಳಕಲ್ಲಿನ ಸೊಸೆ

ಅವರ ಸ್ವಭಾವ ಕೆಟ್ಟಿತು ಎಂದುಕೊಳ್ಳಬೇಡಿ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಜಾತಿಯ ಗುಳಿಗೆಗಳು ಸುಖ ಮತ್ತು ಆಸೆಗೆ ಸಂಬಂಧಿಸಿದ ಡಿ-3 ಗ್ರಾಹಿಗಳನ್ನೂ ಬಲವಾಗಿ ಕೆರಳಿಸುತ್ತವೆ. ಜೂಜು, ವಿಪರೀತ ಖರೀದಿ, ಲೈಂಗಿಕ ಆಸಕ್ತಿ ಹೆಚ್ಚಾಗುವುದು, ಸಿಹಿಗಾಗಿ ಹಾತೊರೆಯುವುದು ಇದರ ಪರಿಚಿತ ಅಡ್ಡಪರಿಣಾಮಗಳು. ರೋಗಿ ತಾನಾಗಿ ಹೇಳುವುದು ಅಪರೂಪ, ನಾಚಿಕೆ. ಮುಂದಿನ ಸಲ ನೀವೋ ಅತ್ತೆಯವರೋ ಜೊತೆಗೆ ಹೋಗಿ ವೈದ್ಯರಿಗೆ ಬೇರೆಯಾಗಿ ತಿಳಿಸಿ, ಅಲ್ಲಿಯವರೆಗೆ ಮೊಬೈಲಿನ ಹಣದ ಆ್ಯಪ್‌ಗಳನ್ನು ಮನೆಯ ಬೇರೊಬ್ಬರ ಕೈಗೆ ಕೊಡಿ. ಗುಳಿಗೆಯನ್ನು ನೀವೇ ಒಮ್ಮೆಲೇ ನಿಲ್ಲಿಸಬಾರದು: ತಳಮಳ, ಬೆವರು, ಖಿನ್ನತೆ ಬರುತ್ತವೆ. ವೈದ್ಯರು ಹಂತಹಂತವಾಗಿ ಇಳಿಸಿ ಆ ಜಾಗಕ್ಕೆ ಲೆವೊಡೋಪಾ ತರುತ್ತಾರೆ. ಇದೇ ಗುಳಿಗೆಯಿಂದ ಕುಳಿತಲ್ಲೇ ಹಠಾತ್ ನಿದ್ದೆ ಬರುವುದೂ ಉಂಟು, ಬೈಕು ಓಡಿಸಲು ಬಿಡಬೇಡಿ.

ಏಳುವಾಗ ತಲೆ ತಿರುಗುತ್ತದೆ ಎಂದದ್ದಕ್ಕೆ ಸ್ಟುಜೆರಾನ್ ಕೊಟ್ಟರು. ಎರಡು ತಿಂಗಳಾಯಿತು. ತಲೆಸುತ್ತೂ ಹೋಗಿಲ್ಲ, ನಡಿಗೆಯೂ ಕೆಟ್ಟಿದೆ. — ಬಾದಾಮಿ

ಸ್ಟುಜೆರಾನ್ ಅಂದರೆ ಸಿನ್ನರಿಜಿನ್. ಅದು, ಮತ್ತು ಅರೆತಲೆನೋವಿಗೆ ಕೊಡುವ ಫ್ಲುನರಿಜಿನ್, ಡೋಪಮಿನ್ ಗ್ರಾಹಿಗಳನ್ನು ಮುಚ್ಚುತ್ತವೆ. ವೈದ್ಯರಿಗೆ ತಿಳಿಸಿ ನಿಲ್ಲಿಸಿ. ಕೆಟ್ಟ ನಡಿಗೆ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಏಳುವಾಗ ಮಾತ್ರ ಬರುವ ತಲೆಸುತ್ತು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯುವುದರಿಂದ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಅದೇ ಕಾರಣ. ಕಾಯಿಲೆಯಿಂದಲೂ ಲೆವೊಡೋಪಾದಿಂದಲೂ ಒತ್ತಡ ಇಳಿಯುತ್ತದೆ. ಮೇಲಿಂದ ಹತ್ತು ವರ್ಷ ಹಿಂದೆ ಬರೆದುಕೊಟ್ಟ ಬಿಪಿ ಗುಳಿಗೆ, ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್ ಸೇರಿಕೊಂಡಿರುತ್ತವೆ. ಅವುಗಳನ್ನು ತಗ್ಗಿಸಬಹುದೇ ಎಂದು ಮೊದಲು ಕೇಳಿ. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ದಿನಕ್ಕೆ ಎರಡು ಲೀಟರ್ ನೀರು, ನಿಮ್ಮ ಕಡೆಯ ಬೇಸಿಗೆಗೆ ಇನ್ನೂ ಹೆಚ್ಚು. ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಇಟ್ಟಿಗೆ ಇಡಿ. ಎದ್ದು ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ನಿಲ್ಲಬೇಕು.

ಅಜ್ಜಾಗ 78. ಪ್ಯಾಸಿಟೇನ್ ಮೂರು ಹೊತ್ತು. ನಡಗೂದು ಕಡಿಮಿ ಆತು, ಆದ್ರ ಮನಿ ಮಂದೀನ ಗುರುತ ಸಿಗವಲ್ರು, ಮೂತ್ರ ಕಟ್ಟತದ. — ಮುಧೋಳ

ಪ್ಯಾಸಿಟೇನ್ ಎಂದರೆ ಟ್ರೈಹೆಕ್ಸಿಫೆನಿಡಿಲ್. ನಡುಕವೇ ಮುಖ್ಯವಾಗಿರುವ, ವಯಸ್ಸು ಕಡಿಮೆ ಇರುವವರಿಗೆ ಸರಿ. ಎಪ್ಪತ್ತು ದಾಟಿದವರಿಗೆ ಕೊಡದಿರುವುದೇ ಲೇಸು: ಮರೆವು, ಭ್ರಮೆ, ಬಾಯಿ ಒಣಗುವುದು, ಮಲಬದ್ಧತೆ, ಪ್ರಾಸ್ಟೇಟ್ ದೊಡ್ಡದಿದ್ದರೆ ಮೂತ್ರ ಕಟ್ಟುವುದು. ಕೆಲವು ಬಗೆಯ ಗ್ಲಾಕೋಮಾ ಇದ್ದರೆ ಕಣ್ಣಿಗೂ ಅಪಾಯ. ವೈದ್ಯರು ಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ, ಹೋದ ನೆನಪಿನಲ್ಲಿ ಎಷ್ಟೋ ಪಾಲು ಹಿಂತಿರುಗುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ ಕಾಯಬೇಡಿ, ಅಂದೇ ದವಾಖಾನೆಗೆ.

ಗುಳಿಗಿ ಬದ್ಲಿ ನಸುಗುನ್ನಿ ಬೀಜದ ಪುಡಿ ತಗೋಬಹುದೇನ್ರಿ? ನಮ್ಮ ಹೊಲದ ಬೇಲಿಯೊಳಗ ಬೆಳೀತದ. — ಇಂಡಿ

ನಸುಗುನ್ನಿಯಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು, ಅಂದರೆ ಕಂಪವಾತಕ್ಕೆ ಲೆವೊಡೋಪಾ ಬರುವುದಕ್ಕಿಂತ ಮುಂಚೆಯೇ. ತೊಂದರೆ ಇರುವುದು ಅಳತೆಯಲ್ಲಿ. ಬೀಜದಲ್ಲಿ 4ರಿಂದ 6 ಪ್ರತಿಶತ ಎಂದು ಹಿಡಿದರೂ 5 ಗ್ರಾಂ ಪುಡಿಯಲ್ಲಿ 200 ಇರಬಹುದು, 300 ಮಿ.ಗ್ರಾಂ ಇರಬಹುದು. ಕಾರ್ಬಿಡೋಪಾ ಅದರಲ್ಲಿಲ್ಲ, ವಾಂತಿ ಬರುವುದು ಅದಕ್ಕೇ. ಸಿಂಡೋಪಾ ಜೊತೆಗೆ ಗುಟ್ಟಾಗಿ ಸೇರಿಸಿದರೆ ಡೋಸ್ ಏರಿಸಿದಂತೆಯೇ, ವೈದ್ಯರಿಗೆ ಮಾತ್ರ ಲೆಕ್ಕ ಸಿಗುವುದಿಲ್ಲ. ಖರ್ಚು ಉಳಿಸಲು ಕೇಳಿದ್ದರೆ: ಲೆವೊಡೋಪಾ-ಕಾರ್ಬಿಡೋಪಾ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರದಲ್ಲಿ 100/25 ಎಂದು ಅಳತೆ ಹೇಳಿ ವಿಚಾರಿಸಿ.

ತಂದೆಗೆ ಹರ್ನಿಯಾ ಆಪರೇಷನ್ ಇದೆ. ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ ಎಂದಿದ್ದಾರೆ. ಗುಳಿಗೆ? — ಸಿಂದಗಿ

ಅರಿವಳಿಕೆ ವೈದ್ಯರಿಗೆ ಕಂಪವಾತದ ವಿಷಯ ಮುಂಚೆಯೇ ಹೇಳಿ, ಮುಂಜಾನೆಯ ಲೆವೊಡೋಪಾವನ್ನು ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ಕೇಳಿ. ಬಹುಪಾಲು ಒಪ್ಪುತ್ತಾರೆ. ಲೆವೊಡೋಪಾ ಥಟ್ಟನೆ ನಿಂತರೆ ವಿಪರೀತ ಜ್ವರ, ಕಟ್ಟಿಗೆಯಂಥ ಬಿಗಿತ, ಪ್ರಜ್ಞೆ ಮಸುಕಾಗುವುದು ಆಗಬಹುದು, ಪ್ರಾಣಕ್ಕೇ ಕುತ್ತು. ಏಕಾದಶಿ, ಶ್ರಾವಣ ಸೋಮವಾರದ ಉಪವಾಸ ಮಾಡುವವರೂ ಗುಳಿಗೆ ಬಿಡಬಾರದು. ನುಂಗಲಾಗದಿದ್ದರೆ ಸಾದಾ ಗುಳಿಗೆಯನ್ನು ನೀರಿನಲ್ಲಿ ಕದಡಿ ಮೂಗಿನ ನಳಿಕೆಯಿಂದ ಕೊಡುತ್ತಾರೆ. ಒಂದು ಚೀಟಿಯಲ್ಲಿ ಬರೆದು ಕೇಸ್‌ಪೇಪರಿಗೆ ಅಂಟಿಸಿ: ಮೆಟೊಕ್ಲೊಪ್ರಮೈಡ್ ಬೇಡ, ಹ್ಯಾಲೊಪೆರಿಡಾಲ್ ಬೇಡ, ವಾಂತಿಗೆ ಒಂಡಾನ್ಸೆಟ್ರಾನ್ ನಡೆಯುತ್ತದೆ. ರಸಾಜಿಲಿನ್ ಅಥವಾ ಸೆಲೆಜಿಲಿನ್ ತೆಗೆದುಕೊಳ್ಳುತ್ತಿದ್ದರೆ ನೋವಿಗೆ ಟ್ರಮಡಾಲ್, ಪೆಥಿಡಿನ್ ಬೇಡ.

ಒಂದು ಹೊತ್ತಿನ ಗುಳಿಗಿ ಮರತರ ಮುಂದಿನ ಸಲ ಎರಡು ತಗೋಬೇಕೇನು? — ಹುಕ್ಕೇರಿ

ಬೇಡ. ನೆನಪಾದ ಕೂಡಲೇ ಒಂದು ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟು ಆ ಹೊತ್ತಿನದನ್ನು ಮಾತ್ರ ತೆಗೆದುಕೊಳ್ಳಿ.